ಸೊರಗಿಲ್ಲ, ಇಳಿಸೀನಿ

ಮೊನ್ನೆ ಮಗಳು ರೇಣುಕಾ ಲಿಂಗಸುಗೂರಿನಿಂದ ಬಂದಿದ್ದಳು. ನೀರು ಕುಡಿಯಲೆಂದು ನಾನು ಅಡುಗೆ ಮನೆಗೆ ಹೋದೆ. ಹಿಂದಿನಿಂದ ಅವಳು ನಗುವುದು ಕೇಳಿಸಿತು. ಯಾಕವ್ವ ಅಂತ ಕೇಳಿದರೆ, "ಅಪ್ಪಾ, ಬಾಗಲದಾಗ ಯಾಕ ಅಡ್ಡ ತಿರುಗಿ ಹೋಗ್ತಿ? ಅಡಗಿ ಮನಿಯಾಗ ಯಾರು ನಿಂತಾರ?" ಅಂದಳು.

ನೋಡಿಕೊಂಡರೆ ಹೌದು. ಈಗಿನ ನನ್ನಂಥವರು ಇಬ್ಬರು ಜೋಡಿಯಾಗಿ ಹೋಗುವಷ್ಟು ಅಗಲದ ಬಾಗಿಲು ಅದು. ಆದರೂ ನಾನು ಎಡ ಭುಜ ಮುಂದೆ ಮಾಡಿ, ಏಡಿಯ ಹಾಗೆ ಅಡ್ಡಡ್ಡ ಹೋಗಿದ್ದೆ. ಮೈ ಇಳಿದು ತಿಂಗಳುಗಳಾದವು, ಸುದ್ದಿ ಇನ್ನೂ ಕಾಲಿಗೆ ಮುಟ್ಟಿಲ್ಲ.

ನಾನು ಕಂಡಕ್ಟರ್. ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಹೋಗುವ ಸರಕಾರಿ ಬಸ್ಸಿನಲ್ಲಿ ಮೊದಲು ಟಿಕೆಟ್ ಹರಿದು, ಈಗ ಮಷೀನು ಒತ್ತಿ ಅರ್ಧ ಆಯುಷ್ಯ ಕಳೆದಿದ್ದೇನೆ. ಆ ರಸ್ತೆಯಲ್ಲಿ ನೀವು ಓಡಾಡಿದ್ದರೆ ನನ್ನನ್ನು ನೋಡಿಯೇ ಇರುತ್ತೀರಿ. ಸರಿಯಾಗಿ ಹೇಳಬೇಕೆಂದರೆ ನನ್ನ ಹೊಟ್ಟೆಯನ್ನು ನೋಡಿರುತ್ತೀರಿ. ನಿಂತವರ ನಡುವೆ ಮೊದಲು ಅದು ಬರುತ್ತಿತ್ತು, ಅದರ ಹಿಂದೆ ಮಷೀನು, ಕಡೆಗೆ ನಾನು.

ಹುಟ್ಟಿದಾಗಿನಿಂದ ಹಾಗಿದ್ದವನಲ್ಲ. ಮಸ್ಕಿಯ ಕಡೆ, ಕಾಲುವೆ ನೀರು ಮುಟ್ಟದ ಹಳ್ಳಿ ನಮ್ಮದು. ಅಜ್ಜಿ ನನ್ನ ಪಕ್ಕೆಲುಬು ಮುಟ್ಟಿ ಮುಟ್ಟಿ ಎಣಿಕೆ ಕಲಿಸಿದ್ದಳು. ಶಾಲೆಯ ಚಡ್ಡಿ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಉಡದಾರಕ್ಕೆ ಸಿಗಿಸಿಕೊಂಡು ಒಂದು ಕೈಯಿಂದ ಹಿಡಿದು ಓಡುತ್ತಿದ್ದೆ. ಓಟದಲ್ಲಿ ಗೆಲ್ಲುತ್ತಿದ್ದೆ, ಚಡ್ಡಿಯೇ ಸೋಲುತ್ತಿತ್ತು. ಯಾರಾದರೂ ನೆಂಟರು ಬಂದರೆ ನನ್ನ ರಟ್ಟೆ ಹಿಡಿದು, "ಹುಡುಗ ಭಾಳ ಸೊರಗ್ಯಾನಲ್ಲ" ಅನ್ನುವರು. ಅವ್ವನ ಮುಖ ಸಣ್ಣದಾಗುತ್ತಿತ್ತು.

ನೋಡಿ, ನಮ್ಮ ಕಡೆ ತೆಳ್ಳಗಾಗುವುದಕ್ಕೆ ಇರುವುದು ಅದೊಂದೇ ಮಾತು. ಬೆಳೆ ಸೊರಗುತ್ತದೆ, ಎತ್ತು ಸೊರಗುತ್ತದೆ, ಬಾಣಂತಿ ಸೊರಗುತ್ತಾಳೆ. ನೀರು ಸಾಲದೆ, ಮೇವು ಸಾಲದೆ, ನೋಡಿಕೊಳ್ಳುವವರಿಲ್ಲದೆ. ಬೇಕಂತ ಯಾರೂ ಸೊರಗುವುದಿಲ್ಲ. ದಪ್ಪಗಾದರೆ ಮಾತ್ರ "ಮೈಕೈ ತುಂಬಿಕೊಂಡಾನ" ಅನ್ನುತ್ತಾರೆ, ಕಣಜ ತುಂಬಿದವರ ಹಾಗೆ ಸಂತೋಷಪಡುತ್ತಾರೆ.

ಕನ್ಯೆ ನೋಡಲು ಮಸ್ಕಿಗೆ ಹೋದಾಗಲೂ ಇದೇ ಆಯಿತು. ನಾನು ಚಾಪೆಯ ಮೇಲೆ ಮೈ ಮುದುಡಿಕೊಂಡು ಕೂತಿದ್ದೆ. ಒಳಗಿನಿಂದ ಹುಡುಗಿಯ ಅಕ್ಕ ಬಸಮ್ಮ, ನನಗೆ ಕೇಳಿಸಲೆಂದೇ ಹೇಳಿದಳು, "ವರ ಸೊರಗ್ಯಾನ ಖರೆ, ಒಂದು ವರ್ಷ ನಮ್ಮ ಕೈಯಾಗ ಕೊಡ್ರಿ, ಆಮ್ಯಾಲ ನೋಡ್ರಿ." ಆ ಮನೆಯವರು ಮಾತಿಗೆ ತಪ್ಪುವವರಲ್ಲ. ನನ್ನ ಹೆಂಡತಿ ಈರಮ್ಮ ಆ ಕೆಲಸವನ್ನು ವರ್ಷಕ್ಕೆ ಮುಗಿಸಲಿಲ್ಲ, ಜೀವಮಾನವಿಡೀ ಮಾಡಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ಸಾಕು ಅಂದರೆ, "ದಿನಾ ಅಷ್ಟು ಮಂದಿ ನಡುವ ನಿಂತು ಬರ್ತೀರಿ, ಉಣ್ರಿ" ಅನ್ನುವಳು. ನಾನು ಉಣ್ಣುವುದನ್ನು ಗದ್ದಕ್ಕೆ ಕೈ ಕೊಟ್ಟು ನೋಡುತ್ತಿದ್ದಳು. ಹಾಗೆ ನೋಡುವವರು ಎದುರಿಗಿದ್ದರೆ ಯಾರ ಹೊಟ್ಟೆಯಾದರೂ ಬೆಳೆಯುತ್ತದೆ.

ಹೋದ ವರ್ಷದ ಹಿಂದಿನ ವರ್ಷ, ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ, ಈರಮ್ಮ ಹೋದಳು. ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಇದನ್ನು ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೀಗರು, ನೆಂಟರು ಬುತ್ತಿ ಕಟ್ಟಿಕೊಂಡು ಬಂದು, ಎದುರಿಗೆ ಕೂತು ಉಣ್ಣಿಸಿ ಹೋಗುತ್ತಾರೆ. ನಾನು ಉಣ್ಣದಿದ್ದರೆ ಅವರು ಅಳುತ್ತಿದ್ದರು. ಅವರು ಅತ್ತರೆ ನಾನೂ ಅಳಬೇಕಾಗುತ್ತಿತ್ತು. ಅದಕ್ಕೆ ಉಂಡೆ. ಒಬ್ಬರ ಬುತ್ತಿ ಉಂಡು ಇನ್ನೊಬ್ಬರದು ಬಿಟ್ಟರೆ ಅದು ಬೇರೆ ಮಾತಿಗೆ ಬರುತ್ತದೆ, ಎಲ್ಲರದೂ ಉಂಡೆ. ದುಃಖದಲ್ಲಿ ಅನ್ನ ಸೇರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಅನುಭವ ಬೇರೆ, ಏನು ಉಂಡೆವೆಂಬುದೇ ತಿಳಿಯದ್ದರಿಂದ ಎಷ್ಟು ಬೇಕಾದರೂ ಸೇರುತ್ತದೆ.

ಉಳಿದವರ ಬುತ್ತಿ ದಿನಗಳು ಕಳೆದ ಮೇಲೆ ನಿಂತವು. ಬಸಮ್ಮಕ್ಕನ ಬುತ್ತಿ ನಿಲ್ಲಲಿಲ್ಲ. ನಮ್ಮ ಬಸ್ಸು ಮಸ್ಕಿ ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಬಿಳಿ ಅರಿವೆಯಲ್ಲಿ ಕಟ್ಟಿದ ರೊಟ್ಟಿ ಹಿಡಿದು ಅಕ್ಕ ನಿಂತಿರುವಳು. ಡ್ರೈವರ್ ಯಂಕೋಬ ವಯಸ್ಸಿನಲ್ಲಿ ನನಗಿಂತ ಸಣ್ಣವನು, ನನ್ನ ಜೊತೆ ಬಹಳ ವರ್ಷ ಇದ್ದವನು. ದೂರದಿಂದಲೇ ನೋಡಿ, "ಮಲ್ಲಣ್ಣ, ನಿನ್ನ ಪಾರ್ಸಲ್ ಬಂದಾದ" ಅನ್ನುವನು.

ಹೀಗೆ ನಾನು ಮೊದಲಿಗಿಂತಲೂ ಬೆಳೆದೆ. ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ ಆದ ಮೇಲೆ ನಮ್ಮ ಬಸ್ಸಿನ ಗದ್ದಲ ನಿಮಗೆ ಗೊತ್ತೇ ಇದೆ. ಒಂದು ಸಂತೆಯ ದಿನ ನಡುವಿನ ದಾರಿಯಲ್ಲಿ, ಒಂದು ಕಡೆ ಕಬ್ಬಿಣದ ಕಂಬ, ಇನ್ನೊಂದು ಕಡೆ ಮೆಣಸಿನಕಾಯಿ ಚೀಲ, ನಡುವೆ ನಾನು. ಮುಂದೆ ಹೋಗಲಾರೆ, ಹಿಂದೆ ಬರಲಾರೆ. ಉಸಿರು ಸಿಗಲಿಲ್ಲ, ಕಣ್ಣಿಗೆ ಕತ್ತಲೆ ಬಂತು. ಯಂಕೋಬ ಬಸ್ಸು ನಿಲ್ಲಿಸಿ, ನಾಲ್ಕು ಮಂದಿಯನ್ನು ಕೆಳಗಿಳಿಸಿ, ನನ್ನನ್ನು ಬಾಟಲಿಯ ಬಿರಡೆಯ ಹಾಗೆ ಎಳೆದು ತೆಗೆದ.

ಡಾಕ್ಟರು ಸಕ್ಕರೆ, ಬಿ.ಪಿ., ಮೊಣಕಾಲು ಎಲ್ಲಕ್ಕೂ ಒಂದೇ ಮದ್ದು ಹೇಳಿದರು, ತೂಕ. ಡಿಪೋದ ಸಾಹೇಬರು ಇನ್ನೊಂದು ಮದ್ದು ಹೇಳಿದರು. ಬಸ್ಸು ಬಿಟ್ಟು ಸ್ಟ್ಯಾಂಡಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಮೈಕಿನಲ್ಲಿ ಹೇಳುವ ಕೆಲಸ. ಸಾಹೇಬರು ಒಳ್ಳೆಯವರು, ನನ್ನ ಮೇಲಿನ ಕಕ್ಕುಲಾತಿಯಿಂದಲೇ ಹೇಳಿದ್ದು. ಆ ಖುರ್ಚಿಗಾಗಿ ವಶೀಲಿ ಹಚ್ಚುವವರಿದ್ದಾರೆ. ನನಗೆ ಮಾತ್ರ ಎದೆ ಒಡೆಯಿತು. ಮನೆಯಲ್ಲಿ ನನ್ನನ್ನು ಏನಾದರೂ ಕೇಳುವವರು ಯಾರೂ ಉಳಿದಿರಲಿಲ್ಲ. ಬಸ್ಸಿನಲ್ಲಿ ನೂರು ಮಂದಿ ಕೇಳುತ್ತಿದ್ದರು, ಚಿಲ್ಲರೆ ಕೊಡ್ರಿ, ಅಲ್ಲಿ ನಿಂದರ್ತದೇನ್ರಿ, ನಿಮ್ಮ ಮಗಳು ಹೆಂಗದಾಳ್ರಿ. ಬೈಯುವವರೂ ಇದ್ದರು, ಅವರೂ ಬೇಕಾಗಿದ್ದರು. ಗಾಜಿನ ಹಿಂದೆ ಕೂತು ಮೈಕಿನಲ್ಲಿ ಹೇಳಿದರೆ ತಿರುಗಿ ಮಾತಾಡುವವರು ಯಾರು? ಬಸ್ಸೂ ಹೋದರೆ ನಾನೂ ಹೋದಂತೆ ಅನ್ನಿಸಿತು. ಸ್ವಲ್ಪ ದಿನ ಟೈಮ್ ಕೊಡ್ರಿ ಅಂತ ಬೇಡಿಕೊಂಡೆ. ಆಯ್ತು, ಆದರೆ ಮತ್ತೆ ಹಿಂಗಾದರೆ ಸ್ಟ್ಯಾಂಡಿನಾಗ ಕೂಡಬೇಕಾಗ್ತದ ಅಂದರು.

ತೂಕ ಇಳಿಸಬೇಕೆಂದರೆ ಮೊದಲು ತೂಕ ಗೊತ್ತಾಗಬೇಕು. ಯಂಕೋಬ ನನ್ನನ್ನು ಸಿಂಧನೂರಿನ ಒಂದು ಭತ್ತದ ಅಂಗಡಿಗೆ ಕರೆದುಕೊಂಡು ಹೋಗಿ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿದ. ಅಲ್ಲಿನ ಹಮಾಲ ಮುಳ್ಳು ನೋಡಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಂಭೀರವಾಗಿ ಹೇಳಿದ, "ಚೀಲೂವರಿ ಆತ್ರಿ. ಬಾರದಾನ ಕಳದು ಹೇಳ್ಲ್ಯಾ?" ಚೀಲೂವರಿ ಅಂದರೆ ಒಂದೂವರೆ ಚೀಲ. ಬಾರದಾನವೆಂದರೆ ಖಾಲಿ ಗೋಣಿಚೀಲದ ತೂಕ, ವ್ಯಾಪಾರದಲ್ಲಿ ಅದನ್ನು ಕಳೆಯುತ್ತಾರೆ. ನಾನು ಅಂಗಿ ಬಿಚ್ಚಿದರೂ ಅರ್ಧ ಚೀಲ ಕಡಿಮೆಯಾಗುವ ಹಾಗಿರಲಿಲ್ಲ. ಈರಮ್ಮ ಹೋದ ಮೇಲೆ ನಾನು ಮನಸಾರೆ ನಕ್ಕದ್ದು ಅಂದೇ ಮೊದಲು.

ಆಮೇಲೆ ನಾನು ಮಾಡಿದ್ದೇನೂ ದೊಡ್ಡ ತಪಸ್ಸಲ್ಲ. ಬೆಳಿಗ್ಗೆ ಕಾಲುವೆಯ ಏರಿಯ ಮೇಲೆ ನಡೆದೆ. ಲಿಂಗಸುಗೂರಿನಲ್ಲಿ ಬಸ್ಸು ನಿಂತ ಹೊತ್ತು ಮಿರ್ಚಿ ಭಜಿಯ ಗಾಡಿಯ ಕಡೆ ಹೋಗದೆ ಸ್ಟ್ಯಾಂಡು ಸುತ್ತಿದೆ. ಚಹಾಕ್ಕೆ ಸಕ್ಕರೆ ಬೇಡವೆಂದೆ. ಅಂಗಡಿಯವನು ನನ್ನ ಪಗಾರ ಕಡಿಮೆಯಾಯಿತೇನೋ ಅಂದುಕೊಂಡ. ರಾತ್ರಿ ಒಂದೇ ರೊಟ್ಟಿ. ಮೊದಲು ಮೈ ಮಾತು ಕೇಳಲಿಲ್ಲ, ಆಮೇಲೆ ನಿಧಾನಕ್ಕೆ ಇಳಿಯತೊಡಗಿತು.

ನಿಜವಾದ ಕಷ್ಟ ಶುರುವಾದದ್ದು ಆಗ. ಗದ್ದದ ಕೆಳಗಿನ ಜೋಲು ಹೋಯಿತು, ಕೆನ್ನೆ ಇಳಿಯಿತು, ಅಂಗಿ ಸಡಿಲಾಯಿತು. ಯಾರಾದರೂ ಶಹಬ್ಬಾಸ್ ಅನ್ನಬಹುದೆಂದು ಕಾಯುತ್ತಿದ್ದೆ. ನನ್ನ ಹೆಂಡತಿ ಹೋದದ್ದು ಆ ರಸ್ತೆಗೆಲ್ಲ ಗೊತ್ತು. ನನ್ನನ್ನು ನೋಡಿದವರು ನೋಡಿದಲ್ಲೇ ದನಿ ತಗ್ಗಿಸುವರು. "ಭಾಳ ಸೊರಗೀರಲ್ರಿ ಕಂಡಕ್ಟರ ಸಾಹೇಬ್ರ. ಮನಸಿಗೆ ಹಚ್ಕೋಬ್ಯಾಡ್ರಿ." ಅಷ್ಟು ಹೇಳಿ ಸುಮ್ಮನಾಗುತ್ತಿರಲಿಲ್ಲ. ಕೈಚೀಲಕ್ಕೆ ಕೈ ಹಾಕಿ ಒಬ್ಬರು ಪೇರಲಹಣ್ಣು, ಒಬ್ಬರು ಸಂತೆಯ ಬೆಂಡು ಬತ್ತಾಸು, ಒಬ್ಬಳು ಅಜ್ಜಿ ಮೊಮ್ಮಗನಿಗೆಂದು ಒಯ್ಯುತ್ತಿದ್ದ ಶೇಂಗಾ ಉಂಡೆ. ತಿನ್ನುವ ತನಕ ಟಿಕೆಟ್ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಒಂದು ಸೇರು ಇಳಿಸಿದರೆ ಊರು ಎರಡು ಸೇರು ತುಂಬಲು ನಿಂತಿತ್ತು.

ಬಸಮ್ಮಕ್ಕನದು ಎಲ್ಲರಿಗಿಂತ ಹೆಚ್ಚು. ಒಂದು ದಿನ ಸ್ಟ್ಯಾಂಡಿನಲ್ಲೇ ನನ್ನ ಮಣಿಕಟ್ಟು ಹಿಡಿದು ಅಳತೊಡಗಿದಳು. ತಂಗಿ ಇದ್ದಿದ್ದರೆ ನಿನ್ನನ್ನು ಹೀಗಾಗಲು ಬಿಡುತ್ತಿದ್ದಳೇ, ಮೇಲೆ ಹೋಗಿ ಅವಳಿಗೆ ನಾನು ಏನು ಹೇಳಲಿ ಅಂದಳು. ಡಾಕ್ಟರು ಹೇಳಿದ್ದನ್ನೆಲ್ಲ ವಿವರಿಸಿ, "ಅಕ್ಕಾ, ಇನ್ನ ಮ್ಯಾಲ ಎರಡ ರೊಟ್ಟಿ ಕಟ್ಟು ಸಾಕು" ಅಂದೆ. ಸಿಟ್ಟಿನಿಂದ ಸೆರಗು ಝಾಡಿಸಿಕೊಂಡು ಹೋದಳು. ಮರುದಿನ ಬುತ್ತಿ ಬಿಚ್ಚಿ ನೋಡಿದರೆ ಎರಡೇ ರೊಟ್ಟಿ. ಒಂದೊಂದೂ ಬಂಡಿಯ ಗಾಲಿಯಷ್ಟು. ಯಂಕೋಬ ಒಂದನ್ನು ಸ್ಟೇರಿಂಗಿನ ಮೇಲೆ ಇಟ್ಟು ಅಳತೆ ನೋಡಿದ.

ನಗುವುದೇನೋ ನಕ್ಕೆ. ಆದರೆ ಒಳಗೆ ಸೋತಿದ್ದೆ. ಒಬ್ಬನೇ ಒಬ್ಬ ಒಳ್ಳೆಯದಾಯಿತು ಅನ್ನದಿದ್ದರೆ ಯಾವ ಸುಖಕ್ಕೆ ಬಾಯಿ ಕಟ್ಟಬೇಕು? ಜನ ಹೇಳುವುದೇ ನಿಜವಿರಬಹುದು, ಇದು ಸೊರಗುವುದೇ ಇರಬಹುದು ಅನ್ನಿಸಿತು. ಆ ದಿನ ಲಿಂಗಸುಗೂರಿನ ಗಾಡಿಯ ಮುಂದೆ ನಿಂತು ತಟ್ಟೆ ಮೇಲೆ ತಟ್ಟೆ ಮಿರ್ಚಿ ತಿಂದೆ. ಯಂಕೋಬ ಬಂದು ಪಕ್ಕದಲ್ಲಿ ನಿಂತ. ಬೈಯಲಿಲ್ಲ. ತಾನೂ ಒಂದು ಮಿರ್ಚಿ ಎತ್ತಿಕೊಂಡು ಹೇಳಿದ:

"ಮಂದಿ ಬಾಯಾಗಿಂದು ಯಾಕ ಕಾಯ್ತಿ? ಅವರು ನೋಡೋದು ನಿನ್ನ ಮಾರಿ. ಬಸ್ಸು ದಿನಾ ನಿನ್ನ ಮೈ ನೋಡ್ತದ. ಅದು ಏನು ಹೇಳ್ತದ, ಅದನ್ನ ಕೇಳು."

ಯಂಕೋಬ ಹೆಚ್ಚು ಮಾತಾಡುವವನಲ್ಲ, ಮಾತಾಡಿದರೂ ಅರ್ಧ ಹಾರನ್ನಿನಲ್ಲಿ ಮುಗಿಸುತ್ತಾನೆ. ಆದರೆ ಅವತ್ತಿನಿಂದ ನಾನು ಬಸ್ಸು ಹೇಳುವುದನ್ನು ಕೇಳತೊಡಗಿದೆ.

ಮುಂದಿನ ಬಾಗಿಲ ಹತ್ತಿರ, ಎರಡನೆಯ ಸೀಟಿನ ಮೂಲೆಗೆ ಒಂದು ಕಬ್ಬಿಣದ ಹಿಡಿಕೆ ಚಾಚಿಕೊಂಡಿದೆ. ವರ್ಷಗಳಿಂದ ದಿನಾ ನನ್ನ ಹೊಟ್ಟೆಗೆ ಚುಚ್ಚುತ್ತಿತ್ತು, ಅಲ್ಲಿ ಅಂಗಿಯ ಗುಂಡಿಯೇ ಉಳಿಯುತ್ತಿರಲಿಲ್ಲ. ಒಂದು ದಿನ ಮಸ್ಕಿ ದಾಟಿದ ಮೇಲೆ ನೆನಪಾಯಿತು, ಅದು ಚುಚ್ಚಿ ಎಷ್ಟೋ ದಿನಗಳಾಗಿವೆ. ಇನ್ನೊಂದು ದಿನ ಐದು ರೂಪಾಯಿಯ ನಾಣ್ಯ ಸೀಟಿನ ಕೆಳಗೆ ಉರುಳಿತು. ಮೊದಲಾಗಿದ್ದರೆ ಅದು ಬಸ್ಸಿಗೇ ಸೇರಿತೆಂದು ಬಿಟ್ಟುಬಿಡುತ್ತಿದ್ದೆ. ಈಗ ಬಗ್ಗಿದೆ, ಎತ್ತಿಕೊಂಡೆ, ಎದ್ದೆ. ಎದ್ದ ಮೇಲೆ ಏನೋ ಆಶ್ಚರ್ಯ. ಯಾರೂ ನೋಡದಾಗ ಅದನ್ನು ಮತ್ತೆ ಬೀಳಿಸಿ ಮತ್ತೆ ಎತ್ತಿಕೊಂಡೆ. ಬೂಟಿನ ಲೇಸು ಕಟ್ಟುವಾಗ ಮಾತಾಡಲು ಬರುತ್ತದೆಂದು ನನಗೆ ಮರೆತೇ ಹೋಗಿತ್ತು.

ಎಲ್ಲಕ್ಕಿಂತ ಹೆಚ್ಚಿನದು ನನ್ನ ಸೀಟಿನ ಸಂಗತಿ. ಕಂಡಕ್ಟರ್ ಸೀಟಿನಲ್ಲಿ ಇಬ್ಬರು ಕೂಡುವಷ್ಟು ಜಾಗವಿರುತ್ತದೆ. ನಾನು ಕೂತರೆ ಇರುತ್ತಿರಲಿಲ್ಲ. ಈರಮ್ಮ ಅಕ್ಕನ ಮನೆಗೆ ಹೋಗುವಾಗ ಪಕ್ಕದಲ್ಲಿ ಕೂಡಲು ನೋಡಿ, ಅರ್ಧ ಜಾರಿ, ನಕ್ಕು, ಮುಂದೆ ಹೋಗಿ ಇಂಜಿನ್ನಿನ ಮೇಲಿನ ಬಾನೆಟ್ಟಿನ ಮೇಲೆ ಕೂಡುತ್ತಿದ್ದಳು. ಅಲ್ಲಿಂದಲೇ ತಿರುಗಿ ತಿರುಗಿ ನೋಡುತ್ತಿದ್ದಳು. ಅದು ಬಿಸಿ ಹತ್ತುತ್ತದೆ, ಸೆರಗು ಮಡಚಿ ಹಾಸಿಕೊಳ್ಳುವಳು. ಮೊನ್ನೆ ಬೇಸಿಗೆಯಲ್ಲಿ ಕೂಸನ್ನೆತ್ತಿಕೊಂಡ ಒಬ್ಬ ಹೆಣ್ಣುಮಗಳು ನಿಂತಿದ್ದಳು. ನನ್ನನ್ನೇನೂ ಕೇಳದೆ ಬಂದು ಪಕ್ಕದಲ್ಲಿ ಕೂತಳು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು, ಆರಾಮಾಗಿ ನಿದ್ದೆ ಹೋದಳು. ನಾನು ನನ್ನ ಮೈಯಿಂದ ಬಿಡಿಸಿದ ಜಾಗದಲ್ಲಿ ಒಂದು ತಾಯಿ, ಒಂದು ಕೂಸು. ಮುದಬಾಳ ಕ್ರಾಸಿನ ತನಕ ನಾನು ಆ ಜಾಗವನ್ನೇ ನೋಡುತ್ತ ಕೂತೆ. ಇಷ್ಟು ಮೊದಲೇ ಮಾಡಿದ್ದರೆ ಎಂಬ ಸಂಕಟ ಬರದೆ ಇರಲಿಲ್ಲ. ಬಂತು, ಕೂತಿತು, ಆಮೇಲೆ ಅದರ ಸ್ಟಾಪಿನಲ್ಲಿ ಇಳಿದು ಹೋಯಿತು.

ಅದಾದ ಮೇಲೆ ಯಾರಾದರೂ ಸೊರಗೀರಿ ಅಂದರೆ ನನಗೆ ನೋವಾಗುವುದು ನಿಂತಿತು. ಕೊಟ್ಟ ಹಣ್ಣನ್ನು ತೆಗೆದುಕೊಂಡು ಹಿಂದಿನ ಸೀಟಿನ ಮಕ್ಕಳಿಗೆ ಕೊಡುತ್ತಿದ್ದೆ.

ಆದರೆ ಒಂದು ದಿನ ಡಿಪೋದಿಂದ ಕರೆ ಬಂತು. ಸಾಹೇಬರು ನನ್ನನ್ನು ನೋಡಿದವರೇ ಕನ್ನಡಕ ತೆಗೆದರು. "ಮಲ್ಲಪ್ಪ, ಏನ್ರಿ ಇದು, ಇಷ್ಟು ಸೊರಗೀರಿ. ಸಾಕಾತು. ನಾಳಿಂದ ಸ್ಟ್ಯಾಂಡಿನಾಗ ಕೂಡ್ರಿ."

ನನ್ನ ಅವಸ್ಥೆ ನೋಡಿ. ದಪ್ಪಗಿದ್ದೀಯೆಂದು ಕೂಡಿಸಲು ಹೊರಟವರು ಈಗ ತೆಳ್ಳಗಾದೆಯೆಂದು ಕೂಡಿಸಲು ಹೊರಟಿದ್ದರು. ದೊಡ್ಡವರ ಮುಂದೆ ಹೂಂ ಅಂದು ಬರುವುದು ನನ್ನ ಸ್ವಭಾವ. ಅಂದು ಮಾತ್ರ ಕಾಲು ಕದಲಲಿಲ್ಲ.

"ಸೊರಗಿಲ್ರಿ ಸಾಹೇಬ್ರ," ಅಂದೆ. "ಇಳಿಸೀನಿ."

ಅವರು ಅರ್ಥವಾಗದೆ ನೋಡಿದರು.

"ಸೊರಗೋದು ತನ್ನಿಂದ ತಾನ ಆಗ್ತದ್ರಿ. ಇದು ನಾ ಮಾಡಿದ್ದು. ದಿನಾ ಮಂದೀನ ಹತ್ತಿಸಿ ಇಳಿಸೋದ ನನ್ನ ಕೆಲಸ ಅಲ್ಲೇನ್ರಿ? ಇದನ್ನೂ ಹಂಗ, ಒಂದೊಂದ ಸ್ಟಾಪಿಗೆ ಇಳಿಸೀನಿ. ನನ್ನ ಬಸ್ಸು ಮಾತ್ರ ಕಸಗೋಬ್ಯಾಡ್ರಿ."

ಅಷ್ಟು ಉದ್ದದ ಮಾತನ್ನು ನಾನು ಅವರೆದುರು ಎಂದೂ ಆಡಿರಲಿಲ್ಲ. ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡರು. ನಾಳೆ ಮಸ್ಕಿ ಸಂತೆ, ನಾನೇ ನಿಮ್ಮ ಬಸ್ಸಿಗೆ ಬರುತ್ತೇನೆ, ಹಿಂದಿನ ಸೀಟಿನಲ್ಲಿ ಕೂಡುತ್ತೇನೆ, ಗದ್ದಲ ದಾಟಿ ಬಂದು ನನಗೆ ಟಿಕೆಟ್ ಕೊಡ್ರಿ, ನೋಡೋಣ ಅಂದರು.

ಮರುದಿನದ ಗದ್ದಲ ಹೇಗಿತ್ತೆಂದರೆ, ಬಸ್ಸಿನೊಳಗೆ ಕಾಲಿಟ್ಟವನ ಇನ್ನೊಂದು ಕಾಲು ಎಲ್ಲಿದೆಯೆಂದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಬುಟ್ಟಿ, ಚೀಲ, ಕೋಳಿ, ಕೊಡ. ಸಾಹೇಬರು ಹೇಳಿದಂತೆ ಹಿಂದಿನ ಮೂಲೆಯಲ್ಲಿ ಕೂತಿದ್ದರು. ನಾನು ಮುಂದಿನಿಂದ ಶುರು ಮಾಡಿದೆ. ಆಧಾರ್ ತೋರಿಸ್ರಿ, ಎಲ್ಲಿಗ್ರಿ, ಜರಾ ಸರೀರಿ ಯಕ್ಕಾ. ಕಬ್ಬಿಣದ ಕಂಬ ದಾಟಿದೆ. ಒಬ್ಬ ಮುದುಕನ ಕೋಲಿನ ಮೇಲಿಂದ ಕಾಲೆತ್ತಿ ಇಟ್ಟೆ. ಒಂದು ಮೆಣಸಿನಕಾಯಿ ಚೀಲ ದಾರಿ ಕಟ್ಟಿತ್ತು, ಅದರ ಪಕ್ಕದಲ್ಲಿ ಒಂದು ಗೇಣು ಜಾಗ. ಆ ಗೇಣಿನೊಳಗೆ ನಾನು ತೂರಿದೆ. ಚೀಲದ ಒಡತಿ, "ಹಾವು ಹೋದಂಗ ಹೋದ್ಯಲ್ಲೋ ಯಪ್ಪಾ" ಅಂದಳು. ಈ ಭೂಮಿಯ ಮೇಲೆ ನನ್ನನ್ನು ಹಾವಿಗೆ ಹೋಲಿಸಿದವಳು ಅವಳೊಬ್ಬಳೇ. ಎಷ್ಟು ಖುಷಿಯಾಯಿತೆಂದರೆ, ಅವಳ ಚೀಲಕ್ಕೆ ಲಗೇಜು ಚಾರ್ಜು ಹಾಕಲು ಮನಸ್ಸು ಬರಲಿಲ್ಲ. ಆದರೆ ಹಿಂದೆ ಸಾಹೇಬರಿದ್ದರು, ಹಾಕಿದೆ.

ಮಸ್ಕಿ ಇನ್ನೂ ದೂರವಿರುವಾಗಲೇ ಹಿಂದಿನ ಸೀಟು ಮುಟ್ಟಿದ್ದೆ. ಬೆವರಿದ್ದೆ, ಆದರೆ ಏದುಸಿರಿರಲಿಲ್ಲ. ಎಲ್ಲರಿಗೂ ಕೇಳುವ ದನಿಯಲ್ಲೇ ಸಾಹೇಬರನ್ನು ಕೇಳಿದೆ, "ಎಲ್ಲಿಗ್ರಿ?"

ಅವರು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡರು. ಮಸ್ಕಿಯಲ್ಲಿ ಇಳಿಯುವಾಗ ನನ್ನ ಭುಜದ ಮೇಲೆ ಕೈಯಿಟ್ಟು, "ಸ್ಟ್ಯಾಂಡಿಗೆ ಬ್ಯಾರೇದವರನ್ನ ಹುಡುಕ್ತೀನಿ" ಅಂದರು. ಕೆಳಗೆ ಬುತ್ತಿ ಹಿಡಿದು ನಿಂತಿದ್ದ ಬಸಮ್ಮಕ್ಕ ಇದೆಲ್ಲ ಏನೆಂದು ಕೇಳಿದಳು. ಯಂಕೋಬ ಕಿಟಕಿಯಿಂದ ತಲೆ ಹಾಕಿ ಎಲ್ಲವನ್ನೂ ಹೇಳಿದ, ಸ್ವಲ್ಪ ಹೆಚ್ಚಿಸಿಯೇ ಹೇಳಿದ. ಅಕ್ಕ ನನ್ನನ್ನು ಅಡಿಯಿಂದ ಮುಡಿಯ ತನಕ ಹೊಸಬನನ್ನು ನೋಡುವ ಹಾಗೆ ನೋಡಿದಳು. ಬುತ್ತಿ ಬಿಚ್ಚಿ ಒಂದು ರೊಟ್ಟಿ ತೆಗೆದು ತನ್ನ ಸೆರಗಿನಲ್ಲಿ ಕಟ್ಟಿಕೊಂಡು, ಉಳಿದದ್ದನ್ನು ನನ್ನ ಕೈಗಿಟ್ಟಳು.

ಅದೇ ವಾರ ಸಿಂಧನೂರಿನ ಸ್ಟ್ಯಾಂಡಿನ ಹಿಂದಿನ ಟೇಲರನ ಹತ್ತಿರ ಹೋದೆ. ಖಾಕಿ ಪ್ಯಾಂಟನ್ನು ಬೆಲ್ಟಿನಿಂದ ಬಿಗಿದು ಬಿಗಿದು ಅದು ಚೀಲದ ಬಾಯಿಯಂತಾಗಿತ್ತು. ಟೇಲರ್ ಪ್ಯಾಂಟನ್ನು ತಿರುವಿ ಹಾಕಿ ಹಿಂದಿನ ಹೊಲಿಗೆ ತೋರಿಸಿದ. ಅಲ್ಲಿ ಒಂದರ ಪಕ್ಕ ಒಂದು, ಬಿಚ್ಚಿದ ಹೊಲಿಗೆಯ ಗುರುತುಗಳು. ನಾನು ಬೆಳೆದ ಹಾಗೆಲ್ಲ ಈರಮ್ಮ ಮನೆಯಲ್ಲೇ ಕೂತು, ಹಳೆಯದು ಬಿಚ್ಚಿ, ಒಳಗಿನ ಬಟ್ಟೆ ಬಿಟ್ಟು ಮತ್ತೆ ಹೊಲಿದದ್ದು. ಖಾಕಿ ದಾರ ಸಿಗದೆ ಕಪ್ಪು ದಾರದಲ್ಲಿ ಹೊಲಿದಿದ್ದಳು. ಕಡೆಯ ಹೊಲಿಗೆ ಇನ್ನೂ ಹಾಗೇ ಇತ್ತು.

"ಒಳಗ ಹಿಡದು ಹೊಲೀತೀನಿ," ಅಂದ ಟೇಲರ್. "ಹೆಚ್ಚಿಂದು ಅಲ್ಲೇ ಬಿಟ್ಟಿರ್ಲಿ. ಮನಷ್ಯಾನ ಮೈ, ನಾಳೆ ಮತ್ತ ಏರಿದ್ರ ಬಿಚ್ಚಾಕ ಬರ್ತದ."

ಎಲ್ಲ ಟೇಲರುಗಳೂ ಹಾಗೇ ಮಾಡುತ್ತಾರೆ. ನಾನು ಆ ಕಪ್ಪು ದಾರದ ಮೇಲೆ ಬೆರಳಾಡಿಸುತ್ತ ನಿಂತೆ. ಬಿಟ್ಟರೆ ಅವಳ ಹೊಲಿಗೆ ಒಳಗೆ ಉಳಿಯುತ್ತದೆ. ಅದರ ಜೊತೆಗೆ, ಮತ್ತೆ ಏರುತ್ತೇನೆಂಬ ಅನುಮಾನವೂ ದಿನಾ ಬೆನ್ನಿಗೆ ಒತ್ತುತ್ತ ಉಳಿಯುತ್ತದೆ. ಅವಳು ನನ್ನನ್ನು ಬಿಗಿಯಲೆಂದು ಹೊಲಿದವಳಲ್ಲ. ಪ್ರತಿ ಸಲವೂ ನನಗೆ ಉಸಿರಾಡಲು ಸಲೀಸಾಗಲೆಂದು ಹೊಲಿದವಳು.

"ಕತ್ತರಿಸ್ರಿ," ಅಂದೆ. "ತುಂಡು ನನಗ ಕೊಡ್ರಿ."

"ಕತ್ತರಿ ಬಿದ್ರ ವಾಪಸ್ ಇಲ್ಲ ನೋಡ್ರಿ."

"ಬೀಳ್ಲಿ."

ಕತ್ತರಿ ಬಿತ್ತು. ಹೊಲಿದ ಪ್ಯಾಂಟನ್ನು ಪರದೆಯ ಹಿಂದೆ ನಿಂತು ಹಾಕಿಕೊಂಡೆ. ಬೆಲ್ಟಿಲ್ಲದೆ ಸೊಂಟದ ಮೇಲೆ ನಿಂತಿತು. ತುಂಡನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಯಂಕೋಬನ ಹಾರನ್ ಕೇಳಿಸಿತು. ಟೈಮ್ ಆಗಿತ್ತು. ಹೊರಗೆ ಬಂದು ನೋಡಿದರೆ ಬಸ್ಸು ನಿಧಾನಕ್ಕೆ ಗೇಟಿನ ಕಡೆ ಹೊರಟಿದೆ. ನಾನು ಓಡಿದೆ. ಕಂಡಕ್ಟರಾಗಿ ಸೇರಿದ ಹೊಸದರಲ್ಲಿ ಓಡಿದ್ದಿರಬೇಕು, ಆಮೇಲೆ ಇದೇ. ಕಿಟಕಿಗಳಿಂದ ಮಂದಿ ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಹಣ್ಣಿನ ಗಾಡಿ ದಾಟಿ, ನೀರಿನ ಹೊಂಡ ಜಿಗಿದು, ಬಾಗಿಲ ಹಿಡಿಕೆಗೆ ಕೈ ಹಾಕಿ ಹತ್ತಿದೆ.

ಮೆಟ್ಟಿಲ ಮೇಲೆ ನಿಂತು ನೋಡಿಕೊಂಡೆ. ಎದೆಯಲ್ಲಿ ಇನ್ನೂ ಉಸಿರು ಉಳಿದಿತ್ತು. ಸೀಟಿ ಬಾಯಿಗಿಟ್ಟು, ಸಿಂಧನೂರಿಗೆಲ್ಲ ಕೇಳುವ ಹಾಗೆ, ಎರಡು ಸಲ ಊದಿದೆ.